ಭಾಷಣ ಸಾಕು, ಅರ್ಜಿಯ ಕೊನೇ ದಿನ ಯಾವತ್ತು ಹೇಳಿ

ಸ್ವಯಂಸೇವಕರಾಗಿ ಊರೂರಲ್ಲಿ ಸೇವೆ ಮಾಡುವ ಹುಡುಗ ಹುಡುಗಿಯರಿಗೆ "ಚೆನ್ನಾಗಿ ಓದಿ, ಮುಂದೆ ಬನ್ನಿ" ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಜನವರಿ 12 ಬಂತೆಂದರೆ ವಿವೇಕಾನಂದರ ಫೋಟೋಗೆ ಹಾರ ಹಾಕಿ, ಮೈಕ್ ಹಿಡಿದು, ಊಟದ ಹೊತ್ತು ಮೀರುವ ತನಕ ಹೇಳಿ ಹೋಗುತ್ತಾರೆ. ಆದರೆ ಅರ್ಜಿ ಹಾಕಲು ಕೊನೇ ದಿನ ಯಾವತ್ತು, ಟಿಸಿ ಬೇಕಾ ಬೇಡ್ವಾ, ಫೀಸು ಎಷ್ಟು, ಅದನ್ನು ಯಾವ ತಿಂಗಳು ಹೊಂದಿಸಬೇಕು, ಇದನ್ನು ಕೂತು ಹೇಳುವವರು ಕಮ್ಮಿ. ನನಗೆ ಅಂಥ ಒಬ್ಬರು ಸಿಕ್ಕಿದರು, ಅದಕ್ಕೇ ನನ್ನ ಹತ್ತಿರ ಇವತ್ತು ಡಿಗ್ರಿ ಇದೆ. ಅದು ಹೇಗಾಯಿತು ಎಂದು ಬರೆಯುತ್ತಿದ್ದೇನೆ. ಈಗ ಸ್ವಯಂಸೇವಕರಾಗಿ ಇರುವವರಿಗೆ ಉಪಯೋಗವಾಗಬಹುದು, ಅವರನ್ನು ನೋಡಿಕೊಳ್ಳುವವರಿಗೆ ಇನ್ನೂ ಜಾಸ್ತಿ ಉಪಯೋಗವಾಗಬಹುದು.

ನಮ್ಮದು ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು, ನಗರ ಹೋಬಳಿ. ಬಿದನೂರು ಅಂತಾರಲ್ಲ, ಅದೇ. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಮೇಲೆ ಹೈದರ್‌ನಗರವಾಗಿ, ಕೊನೆಗೆ ಬರೀ ನಗರವಾಗಿ ಉಳಿದ ಊರು. ಹೆಸರು ಕೇಳಿ ದೊಡ್ಡ ಪಟ್ಟಣ ಅಂದುಕೊಂಡು ಬಂದವರು ಬಸ್ ಇಳಿದು ಸುತ್ತ ನೋಡಿ ನಗುತ್ತಾರೆ. ಪಿಯುಸಿ ಆರ್ಟ್ಸ್ ಪಾಸಾದೆ, ಮಾರ್ಕ್ಸೂ ತಕ್ಕಮಟ್ಟಿಗೆ ಬಂದಿತ್ತು. ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇತ್ತು. ಸೇರಲಿಲ್ಲ. ಅಪ್ಪ ಕೊನೆಗಾರ, ಅಡಿಕೆ ಕೊನೆ ಕೊಯ್ಯುವ ಕೆಲಸ. ಅವರ ಭುಜ ಕೈಕೊಟ್ಟಿತು, ಮರ ಹತ್ತಲು ಆಗದಾಯಿತು, ಮನೆಯಲ್ಲಿ ಹತ್ತುವ ವಯಸ್ಸಿನವನು ನಾನೊಬ್ಬನೇ ಇದ್ದೆ. ಇದರಲ್ಲಿ ದೊಡ್ಡ ಕಥೆ ಏನಿಲ್ಲ, ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೇ ಆಗುತ್ತದೆ.

ಬಯಲುಸೀಮೆಯವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಸೀಸನ್ನಿನಲ್ಲಿ ಕೊನೆಗಾರನ ದಿನದ ಸಂಬಳ ನೋಡಿದರೆ, ಡಿಗ್ರಿ ಮುಗಿಸಿ ಶಿವಮೊಗ್ಗದಲ್ಲಿ ಅಂಗಡಿ ಕೌಂಟರಿನ ಹಿಂದೆ ನಿಂತವನಿಗಿಂತ ಜಾಸ್ತಿ. ಮರ ಹತ್ತುವವರು ಸಿಗುವುದೇ ಕಷ್ಟ, ಹಾಗಾಗಿ ಕೇಳಿದಷ್ಟು ಕೊಡುತ್ತಾರೆ. ಇದನ್ನು ಮುಚ್ಚಿಟ್ಟು ಮಲೆನಾಡಿನ ಹುಡುಗರ ಮುಂದೆ "ಓದಿದರೆ ದುಡ್ಡು ಬರುತ್ತದೆ" ಎಂದರೆ ಅವರು ಎದುರಿಗೆ ಸುಮ್ನೆ ಕೂತಿರುತ್ತಾರೆ, ಆಚೆ ಬಂದು ನಗುತ್ತಾರೆ. ಆದರೆ ಸೀಸನ್ ಅನ್ನುವುದು ಕೆಲವೇ ತಿಂಗಳು. ಮಳೆಗಾಲದಲ್ಲಿ ಔಷಧಿ ಹೊಡೆಯುವ ಕೆಲಸ ಸಿಗಬಹುದು, ಸಿಗದೆಯೂ ಇರಬಹುದು. ಮತ್ತೆ ಭುಜ ಎಷ್ಟು ವರ್ಷ ಇರುತ್ತದೆ ಎಂದು ನಾನು ಮನೆಯಲ್ಲೇ ನೋಡಿದ್ದೆ.

2018ರಲ್ಲಿ ಕೇಂದ್ರ ಸರ್ಕಾರದ ನೆಹರು ಯುವ ಕೇಂದ್ರದಿಂದ ರಾಷ್ಟ್ರೀಯ ಯುವ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಪೇಪರಿನಲ್ಲಿ ಬಂತು. ಇದು ಹೊಸ ಯೋಜನೆ ಏನಲ್ಲ. 1977-78ರಲ್ಲೇ ರಾಷ್ಟ್ರೀಯ ಸೇವಾ ಸ್ವಯಂಸೇವಕ ಯೋಜನೆ ಅಂತ ಶುರುವಾಗಿತ್ತು, 2010-11ರಲ್ಲಿ ಇನ್ನೊಂದು ಯೋಜನೆಯ ಜೊತೆ ಸೇರಿಸಿ ಹೊಸ ಹೆಸರು ಕೊಟ್ಟರು. ಎಸ್‌ಎಸ್‌ಎಲ್‌ಸಿ ಆಗಿದ್ದರೆ ಸಾಕಿತ್ತು. ತಾಲ್ಲೂಕಿಗೆ ಇಬ್ಬರು. ತಿಂಗಳಿಗೆ 5,000 ರೂಪಾಯಿ ಗೌರವಧನ. ಹೆಚ್ಚೆಂದರೆ ಎರಡು ವರ್ಷ. ಇದು ನೌಕರಿ ಅಲ್ಲ, ಮುಂದೆ ನೌಕರಿ ಕೊಡಿ ಎಂದು ಕೇಳುವ ಹಾಗೂ ಇಲ್ಲ. ಇನ್ನೊಂದು ಷರತ್ತು, ಕಾಲೇಜಿಗೆ ರೆಗ್ಯುಲರ್ ಆಗಿ ಹೋಗುತ್ತಿರುವವರು ಅರ್ಜಿ ಹಾಕುವಂತಿರಲಿಲ್ಲ.

ಈ ಕೊನೇ ಷರತ್ತನ್ನು ಸ್ವಲ್ಪ ಯೋಚಿಸಿ ನೋಡಿ. ಜನ ನಮ್ಮನ್ನೂ ಎನ್‌ಎಸ್‌ಎಸ್‌ನವರನ್ನೂ ಒಂದೇ ಅಂದುಕೊಳ್ಳುತ್ತಾರೆ. ಎನ್‌ಎಸ್‌ಎಸ್ 1969ರ ಸೆಪ್ಟೆಂಬರ್ 24ರಂದು ಕಾಲೇಜು ಮಕ್ಕಳಿಗೆಂದೇ ಶುರುವಾದದ್ದು. ಅವರು ಓದುತ್ತಾ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡುತ್ತಾರೆ, ಏಳು ದಿನದ ಶಿಬಿರಕ್ಕೆ ಹೋಗುತ್ತಾರೆ, ಸೋಮವಾರ ಮತ್ತೆ ಕ್ಲಾಸಿನಲ್ಲಿ ಇರುತ್ತಾರೆ. ನಾವು ಹಾಗಲ್ಲ. ಕಾಲೇಜಿನಿಂದ ಹೊರಗೆ ಬಿದ್ದವರನ್ನೇ ಆರಿಸಿ ಆರಿಸಿ ತಂದು ಸೇರಿಸಿದ ಗುಂಪು ನಮ್ಮದು. ನಿಯಮ ಹಾಗಿರುವುದಕ್ಕೆ ಕಾರಣವೂ ಇದೆ, ದಿನವಿಡೀ ಹಳ್ಳಿ ಸುತ್ತುವ ಕೆಲಸ, ಕ್ಲಾಸಿಗೆ ಹೋಗುವವನಿಗೆ ಆಗುವುದಲ್ಲ. ಆದರೆ ಉನ್ನತ ಶಿಕ್ಷಣದ ಮಾತು ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಇಂಥವರಿಗೇ ಅಲ್ವಾ?

ಕೆಲಸ ಖುಷಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಊರೂರಿಗೆ ಹೋಗಿ ಯುವಕ ಸಂಘ ಕಟ್ಟುವುದು, ನೋಂದಣಿಗೆ ಕನಿಷ್ಠ ಏಳು ಜನ ಬೇಕು ಎಂದು ಏಳನೆಯವನನ್ನು ಕಬಡ್ಡಿ ಅಂಗಳದಿಂದ ಎಳೆದು ತರುವುದು, ಮತದಾರರ ಪಟ್ಟಿಗೆ ಹೆಸರು ಸೇರಿಸುವುದು, ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳುವುದು. ಆ ವರ್ಷದ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜೋರಾಯಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು, ನಮ್ಮವರಿಗೆ ಹೊಸದಲ್ಲ. ಆದರೂ ಆ ಸಲ ಹೆದರಿಕೆ ಬೇರೆಯೇ ಇತ್ತು. ನಮ್ಮ ತಾಲ್ಲೂಕಿನಲ್ಲೂ ಕಾಡಿಗೆ ದರಗು, ಅಂದರೆ ಒಣಗಿದ ಎಲೆ, ಗುಡಿಸಲು ಹೋಗುವವರಿಗೆ ಕಾಯಿಲೆ ಹರಡುವ ಉಣ್ಣೆ ಹುಳ ಕಚ್ಚದಂತೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಹೋಗಿ ಎಂದು ಮನೆಮನೆಗೆ ಹೇಳಿದೆವು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಿಳಿಸಿ ಎಂದೆವು. ಆಶಾ ಕಾರ್ಯಕರ್ತೆಯರ ಜೊತೆ ನಡೆದು ನಡೆದು ಅವರು ಎಷ್ಟು ಕೆಲಸ ಮಾಡುತ್ತಾರೆ ಎನ್ನುವುದು ನನಗೆ ಆವಾಗ ಗೊತ್ತಾದದ್ದು.

ತೊಂದರೆ ಇರುವುದೂ ಇಲ್ಲೇ. ಕೊರಳಲ್ಲಿ ಗುರುತಿನ ಚೀಟಿ ಬಿತ್ತು, ಪಂಚಾಯಿತಿಯಲ್ಲಿ ಕುರ್ಚಿ ಕೊಟ್ಟು ಕೂರಿಸಿದರು, ಊರಲ್ಲಿ "ಸರ್ಕಾರಿ ಕೆಲಸ ಸಿಕ್ತಂತೆ ಹೌದಾ" ಎಂದು ಕೇಳಿದರು. ಇಲ್ಲ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಪ್ರತಿದಿನ ಬೇರೆಯವರ ಅರ್ಜಿ ತುಂಬುತ್ತಾ, ಬೇರೆಯವರ ಮಕ್ಕಳನ್ನು ಶಾಲೆಗೆ ಕಳಿಸುತ್ತಾ, ನಾನು ಏನೋ ಒಂದು ದಡ ಮುಟ್ಟಿದ್ದೇನೆ ಅನ್ನಿಸಿಬಿಡುತ್ತದೆ. ಎರಡು ವರ್ಷ ಆದ ಮೇಲೆ ಒಂದು ಪ್ರಮಾಣಪತ್ರ ಕೈಗೆ ಬರುತ್ತದೆ. ಆಗ ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಓದು ಬಿಟ್ಟು ನಾಲ್ಕೈದು ವರ್ಷ ಆಗಿರುತ್ತದೆ.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯ ಆಗ ಇದ್ದದ್ದು ಒಂದು ಸಣ್ಣ ಕೋಣೆಯಲ್ಲಿ. ಈಗ ಅರಿವು ಕೇಂದ್ರ ಎಂದು ಬೋರ್ಡು ಬಂದಿದೆ, ಕಂಪ್ಯೂಟರ್ ಬಂದಿದೆ. ಆವಾಗ ಎರಡು ಬೆಂಚು, ಪೇಪರು, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಪುಸ್ತಕ, ಅಷ್ಟೇ. ಅಲ್ಲಿದ್ದ ಮೇಲ್ವಿಚಾರಕರು ಮಾತು ಕಮ್ಮಿ ಆಡುವವರು. ನಾನು ಸಂಘದ ಮೀಟಿಂಗಿಗೆ ಜಾಗ ಕೇಳಲು ಹೋದಾಗ "ನಿಂದು ಡಿಗ್ರಿ ಆಗಿದ್ಯಾ?" ಎಂದು ಕೇಳಿದರು. ಇಲ್ಲ ಅಂದೆ. ಅವರು ಬೈಯಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಪೇಪರಿನ ಒಂದು ತುಂಡು ಕತ್ತರಿಸಿ ಇಟ್ಟಿದ್ದರು, ತೆಗೆದು ಕೊಟ್ಟರು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮತ್ತೆ ಮಾನ್ಯತೆ ಸಿಕ್ಕಿದೆ, ಪ್ರವೇಶ ಶುರುವಾಗಿದೆ ಎನ್ನುವ ಸುದ್ದಿ. "ಪಿಯುಸಿ ಮಾರ್ಕ್ಸ್ ಕಾರ್ಡು, ಟಿಸಿ, ಫೋಟೋ, ಆಧಾರು. ಬರುವ ಸೋಮವಾರ ಜೆರಾಕ್ಸ್ ತಗೊಂಡು ಬಾ" ಅಂದರು. ದಿನ ಗೊತ್ತು ಮಾಡಿ ಹೇಳಿದ್ದರಿಂದ ಹೋದೆ. "ಯಾವಾಗಲಾದರೂ ಬಾ" ಅಂದಿದ್ದರೆ ಹೋಗುತ್ತಿರಲಿಲ್ಲ, ಇದು ಖಂಡಿತ.

ಮಾನ್ಯತೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರಿನ ಮುಕ್ತ ವಿವಿ ಶುರುವಾದದ್ದು 1996ರಲ್ಲಿ. 2013-14ರಿಂದ ಅದರ ಕೋರ್ಸುಗಳಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರಲಿಲ್ಲ. 2018-19ರ ಸಾಲಿಗೆ ಮತ್ತೆ ಸಿಕ್ಕಿತು. ಮಧ್ಯದ ಆ ವರ್ಷಗಳಲ್ಲಿ ನಮ್ಮ ಊರ ಕಡೆ "ಓಪನ್ ಡಿಗ್ರಿ ನಡೆಯಲ್ಲ ಮಾರಾಯ" ಎನ್ನುವ ಮಾತು ಎಷ್ಟು ಗಟ್ಟಿಯಾಗಿ ಕೂತಿತ್ತು ಎಂದರೆ, ಮಾನ್ಯತೆ ವಾಪಸ್ ಬಂದ ಸುದ್ದಿ ಆ ಮಾತಿನ ಅರ್ಧ ದೂರಕ್ಕೂ ಹೋಗಲಿಲ್ಲ. ನನ್ನ ಚಿಕ್ಕಪ್ಪ, ನಮ್ಮ ಸಂಘದ ಅಧ್ಯಕ್ಷ, ಬಸ್ಸಿನ ಕಂಡಕ್ಟರ್ ಕೂಡ ಅದನ್ನೇ ಹೇಳಿದರು. ಕಂಡಕ್ಟರಿಗೆ ಯಾರು ಕೇಳಿದ್ದರೋ! ಮೇಲ್ವಿಚಾರಕರು ಮಾತ್ರ "ಊರ ಮಾತು ಬಿಡು, ಯುಜಿಸಿ ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ಕೋರ್ಸಿನ ಹೆಸರು ಅದರಲ್ಲಿ ಇದ್ಯಾ ನೋಡು" ಅಂದರು. ನೋಡಿದೆ, ಇತ್ತು. ನಾನು ಈಗಲೂ ಎಲ್ಲರಿಗೂ ಹೇಳುವುದು ಇದನ್ನೇ. ದೂರಶಿಕ್ಷಣದಲ್ಲಿ ಯಾವ ವಿವಿ ಆದರೂ ಆಗಲಿ, ನಿಮ್ಮ ಕೋರ್ಸು, ನಿಮ್ಮ ವರ್ಷ, ಎರಡನ್ನೂ ಆ ಪಟ್ಟಿಯಲ್ಲಿ ಕಣ್ಣಾರೆ ನೋಡಿ ಆಮೇಲೆ ದುಡ್ಡು ಕಟ್ಟಿ.

ದಾಖಲೆ ಪರಿಶೀಲನೆಗೆ ಶಿವಮೊಗ್ಗದ ಪ್ರಾದೇಶಿಕ ಕೇಂದ್ರಕ್ಕೆ ಹೋದೆ. ಬಿ.ಎ., ಐಚ್ಛಿಕ ವಿಷಯ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಕನ್ನಡ ಮಾಧ್ಯಮ. ಫೀಸಿಗೆ ಗೌರವಧನ ಸಾಲಲಿಲ್ಲ, ಉಳಿದದ್ದು ಒಂದು ತೋಟದ ಯಜಮಾನರು ಮುಂಗಡ ಕೊಟ್ಟರು, ಸೀಸನ್ನಿನಲ್ಲಿ ಮರ ಹತ್ತಿ ತೀರಿಸಿದೆ. ಅವರಿಗೆ ನಾನು ಓದುವುದಕ್ಕಿಂತ ತಮ್ಮ ತೋಟಕ್ಕೆ ಕೊನೆಗಾರ ಖಾತ್ರಿ ಆದದ್ದೇ ಸಮಾಧಾನ. ಇರಲಿ, ಸಹಾಯ ಸಹಾಯವೇ.

ಓದುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಓದಲು ಆಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ, ಮರ ಬಿದ್ದು ಲೈನ್ ಹರಿದಿರುತ್ತದೆ. ನಾನು ಓದಿದ್ದು ಮುಕ್ಕಾಲು ಪಾಲು ಆ ಗ್ರಂಥಾಲಯದ ಬೆಂಚಿನ ಮೇಲೆ, ಉಳಿದದ್ದು ಬಸ್ಸಿನಲ್ಲಿ. ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೊಂದು ದಾರಿ ಸಿಕ್ಕಿತು. ರಾತ್ರಿ ಸುಲಿಯಲು ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ, ಮಾತು ಕಥೆ ನಡೆಯುತ್ತಿರುತ್ತದೆ. ಅಲ್ಲಿ ನಾನು ಹಗಲು ಓದಿದ್ದನ್ನು ಕಥೆ ಥರ ಹೇಳುತ್ತಿದ್ದೆ. ಕಾಗೋಡು ಸತ್ಯಾಗ್ರಹ ಹೇಳಿದ ದಿನ ಒಬ್ಬ ಅಜ್ಜಿ ನನ್ನನ್ನು ನಿಲ್ಲಿಸಿ, ಗೇಣಿ ಭತ್ತ ಅಳೆಯುವ ಕೊಳಗ ಹೇಗೆ ದೊಡ್ಡದಾಗುತ್ತಿತ್ತು ಎಂದು ತಾನೇ ಹೇಳಲು ಶುರು ಮಾಡಿದಳು. ಪುಸ್ತಕದಲ್ಲಿ 1951, ಸಾಗರ ತಾಲ್ಲೂಕು, ಗೇಣಿದಾರರ ಹೋರಾಟ ಎಂದು ಇತ್ತು. ಅಜ್ಜಿ ಹೇಳಿದ್ದರಲ್ಲಿ ಇಸವಿ ಇರಲಿಲ್ಲ, ಉಳಿದದ್ದೆಲ್ಲ ಇತ್ತು. ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯನ್ನು ಓದುವಾಗಲೂ ಹಾಗೇ ಆಯಿತು. ನಮ್ಮ ಮನೆಯ ಗದ್ದೆ ನಮ್ಮದಾದದ್ದು ಯಾವ ಕಾನೂನಿನಿಂದ ಎಂದು ನನಗೆ ಗೊತ್ತಾದದ್ದು ಬಿ.ಎ. ಪುಸ್ತಕದಿಂದ. ಅಪ್ಪನಿಗೆ ಹೇಳಿದೆ. "ಅರಸು ಕೊಟ್ರು ಅಂತ ನಮಗೂ ಗೊತ್ತು" ಅಂದರು.

ಸೇವೆಯಲ್ಲಿ ಇರುವವರಿಗೆ ಓದು ಭಾರ ಆಗುತ್ತದೆ ಎನ್ನುವ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಸಮಯಕ್ಕೆ ಭಾರ, ಹೌದು. ಆದರೆ ವಿಷಯ ಹಗುರ ಆಗುತ್ತದೆ. ರಾಜ್ಯಶಾಸ್ತ್ರದಲ್ಲಿ ಪಂಚಾಯತ್ ರಾಜ್ ಒಂದು ದೊಡ್ಡ ಅಧ್ಯಾಯ. ಸಂವಿಧಾನದ 73ನೇ ತಿದ್ದುಪಡಿ, 1993ರ ನಮ್ಮ ರಾಜ್ಯದ ಕಾಯ್ದೆ, ಅದಕ್ಕೂ ಮೊದಲು 1983ರ ಕಾಯ್ದೆ, ಅದನ್ನು ತಂದ ಮಂತ್ರಿ ನಜೀರ್ ಸಾಬ್, ಮಂಡಲ ಪಂಚಾಯಿತಿ. ಕಾಲೇಜಿಗೆ ಹೋಗುವವರು ಇದನ್ನು ಬಾಯಿಪಾಠ ಮಾಡುತ್ತಾರೆ. ನಾನು ಗ್ರಾಮಸಭೆಯಲ್ಲಿ ಕೂತವನು. ಕೋರಂ ಇಲ್ಲ ಎಂದು ಸಭೆ ಮುಂದೆ ಹಾಕಿದ್ದನ್ನು ನೋಡಿದವನು, ಜನ ಬರಲಿ ಎಂದು ಆಟೋಗೆ ಮೈಕ್ ಕಟ್ಟಿ ಕೂಗಿದವನು. ಪರೀಕ್ಷೆಯಲ್ಲಿ ಗ್ರಾಮಸಭೆಯ ಮೇಲೆ ಪ್ರಶ್ನೆ ಬಂದಾಗ ಪೇಪರ್ ಸಾಲದೆ ಎಕ್ಸ್‌ಟ್ರಾ ಶೀಟ್ ಕೇಳಿದ್ದೆ. ಅರ್ಥಶಾಸ್ತ್ರ ಮಾತ್ರ ಕೈಗೆ ಸಿಗಲಿಲ್ಲ. ರೇಖಾಚಿತ್ರ ಬಂದರೆ ತಲೆ ನಿಂತುಬಿಡುತ್ತಿತ್ತು, ಹೇಗೋ ದಾಟಿದೆ.

ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗಬೇಕು. ಬೆಳಗ್ಗೆ ಮೊದಲ ಬಸ್ ಹಿಡಿದರೂ ಹೊತ್ತಿಗೆ ಮುಟ್ಟುವ ಧೈರ್ಯ ಇಲ್ಲ, ಮಳೆ ಇದ್ದರೆ ಇನ್ನೂ ಇಲ್ಲ. ಪರಿಚಯದ ಹುಡುಗರ ರೂಮಿನಲ್ಲಿ ಹಿಂದಿನ ರಾತ್ರಿ ಉಳಿಯುತ್ತಿದ್ದೆ. ನಾನು ಹುಡುಗ, ನನಗೆ ಹೇಗೋ ಆಯಿತು. ನಮ್ಮ ತಾಲ್ಲೂಕಿನ ಇನ್ನೊಬ್ಬ ಸ್ವಯಂಸೇವಕಿ ನನ್ನ ಜೊತೆಯೇ ಬಿ.ಎ.ಗೆ ಸೇರಿದ್ದಳು. ಅವಳಿಗೆ ಪ್ರತಿ ಸಲ ಯಾರ ಮನೆಯಲ್ಲಿ ಉಳಿಯುವುದು ಎನ್ನುವುದೇ ಪರೀಕ್ಷೆಗಿಂತ ದೊಡ್ಡ ತಲೆಬಿಸಿ ಆಗುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಯಿತು. ಒಳ್ಳೆಯದೇ. ಆದರೆ ಹೊಸನಗರ, ತೀರ್ಥಹಳ್ಳಿ ಕಡೆಯವರನ್ನು ಕೇಳಿ ನೋಡಿ, ಇಲ್ಲಿ ಓಡುವುದು ಖಾಸಗಿ ಬಸ್ಸೇ ಜಾಸ್ತಿ. ಹೆಣ್ಣುಮಕ್ಕಳು ಓದಲಿ ಎನ್ನುವವರು ಪರೀಕ್ಷೆಯ ಹಿಂದಿನ ರಾತ್ರಿ ಅವರು ಎಲ್ಲಿ ಉಳಿಯುತ್ತಾರೆ ಎಂದು ಒಮ್ಮೆ ಕೇಳಿ, ಸಾಕು. ಅವಳು ಹೇಗೋ ಮುಗಿಸಿದಳು, ಆಮೇಲೆ ಬಿ.ಎಡ್ ಕೂಡ ಮಾಡಿದಳು.

2020ರಲ್ಲಿ ಕೊರೊನಾ ಬಂತು. ಪರೀಕ್ಷೆ ಮುಂದೆ ಹೋಯಿತು, ನಮ್ಮ ಸೇವೆಯ ಅವಧಿಯೂ ಮುಗಿಯಿತು. ಆ ದಿನಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಗೌರವಧನ ನಿಂತ ತಿಂಗಳು ನನ್ನ ಹತ್ತಿರ ಅರ್ಧ ಡಿಗ್ರಿ ಇತ್ತು, ಅಷ್ಟು ಮಾತ್ರ ಹೇಳುತ್ತೇನೆ. ಅರ್ಧ ಎಂದರೂ ಅದು ಮುಂದಕ್ಕೆ ಎಳೆಯುತ್ತದೆ. ಜೊತೆಯಲ್ಲಿದ್ದ ಬೇರೆ ತಾಲ್ಲೂಕಿನ ಕೆಲವರು "ಟರ್ಮ್ ಮುಗಿಯಲಿ, ಆಮೇಲೆ ಓದುತ್ತೇನೆ" ಅಂದಿದ್ದರು. ಒಬ್ಬ ಈಗ ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಾನೆ, ನಮ್ಮೆಲ್ಲರಿಗಿಂತ ಚುರುಕು ಇದ್ದವನು. ಅವನಿಗೆ ಓದುವ ಆಸೆ ಇರಲಿಲ್ಲ ಅಂತಲ್ಲ. ಸೇವೆ ಮುಗಿದ ಮೇಲೆ ಅವನಿಗೆ ಪಂಚಾಯಿತಿಯ ಕುರ್ಚಿ ಇಲ್ಲ, ಮೀಟಿಂಗ್ ಇಲ್ಲ, ಯಾವ ಅರ್ಜಿ ಯಾವತ್ತು ಎಂದು ಹೇಳುವವರ ಮುಖ ಕಾಣುವುದಿಲ್ಲ. ಹಾಗಾಗಿ ಮಾಡುವುದಿದ್ದರೆ ಸೇವೆಯ ಮೊದಲ ವರ್ಷದಲ್ಲೇ ಮಾಡಿಸಬೇಕು. ಎರಡನೇ ವರ್ಷಕ್ಕೆ ಬಿಟ್ಟರೆ ಆಗುವುದಿಲ್ಲ.

ಡಿಗ್ರಿ ಕೈಗೆ ಬಂದ ಮೇಲೆ ಎಂ.ಎಸ್.ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮಾಡೋಣ ಅನ್ನಿಸಿತು. ಈ ಸಲ ದೂರಶಿಕ್ಷಣ ಅಲ್ಲ, ಕ್ಲಾಸಿನಲ್ಲಿ ಕೂತು. ಶಂಕರಘಟ್ಟದ ಕುವೆಂಪು ವಿವಿ, ಜ್ಞಾನಸಹ್ಯಾದ್ರಿ ಕ್ಯಾಂಪಸ್ಸು. 1987ರಲ್ಲಿ ಶುರುವಾದದ್ದು, ಶಿವಮೊಗ್ಗದಿಂದ ಹೆಚ್ಚೂ ಕಮ್ಮಿ 28 ಕಿಲೋಮೀಟರ್, ಭದ್ರಾ ಕಾಡಿನ ಅಂಚು. ಅರ್ಜಿ ಹಾಕುವ ಮುಂಚೆ ಒಬ್ಬರು, ತಿಳಿದವರೇ, "ಓಪನ್ ಡಿಗ್ರಿಯವರನ್ನು ತಗೊಳ್ಳಲ್ಲ" ಎಂದು ಹೇಳಿ ಹೆದರಿಸಿದರು. ತಗೊಂಡರು. ಅದೇ ವರ್ಷ, 2022ರ ಸೆಪ್ಟೆಂಬರಿನಲ್ಲಿ, ಯುಜಿಸಿ ಕೂಡ ಸ್ಪಷ್ಟವಾಗಿ ತಿಳಿಸಿತು, ಮಾನ್ಯತೆ ಪಡೆದ ವಿವಿಯ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಎಂದು. ಆ ಪತ್ರದ ಪ್ರತಿ ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಯಾರಾದರೂ ಹೆದರಿಸಿದರು ಅಂದರೆ ಸಾಕು, ಕಳಿಸಿಬಿಡುತ್ತೇನೆ.

ಕ್ಯಾಂಪಸ್ಸಿನಲ್ಲಿ ಮೊದಲ ತಿಂಗಳು ಕಷ್ಟ ಆಯಿತು. ಜೊತೆಯವರು ನನಗಿಂತ ಚಿಕ್ಕವರು, ಇಂಗ್ಲಿಷ್ ಪದ ಸಲೀಸಾಗಿ ಬರುವವರು. ಆಮೇಲೆ ಕ್ಷೇತ್ರಕಾರ್ಯ ಶುರುವಾಯಿತು, ಹಳ್ಳಿಗೆ ಹೋಗಿ ಜನರ ಜೊತೆ ಕೆಲಸ ಮಾಡುವುದು. ಅಲ್ಲಿ ನಾನು ಮೀನು ನೀರಿಗೆ ಬಿದ್ದ ಹಾಗೆ. ಮನೆ ಬಾಗಿಲಲ್ಲಿ ನಿಂತು ಮಾತು ಶುರು ಮಾಡುವುದು ಹೇಗೆ, ಯಾವ ಹೊತ್ತಿಗೆ ಹೋದರೆ ಹೆಂಗಸರು ಪುರುಸೊತ್ತಾಗಿ ಇರುತ್ತಾರೆ, ಸಿಟ್ಟು ಮಾಡಿಕೊಂಡವರ ಎದುರು ಎಷ್ಟು ಹೊತ್ತು ಸುಮ್ನೆ ನಿಲ್ಲಬೇಕು, ಇದನ್ನೆಲ್ಲ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಜೊತೆಯವರು ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಿದ್ದರು. ಇಂಗ್ಲಿಷ್ ವರದಿ ಬರೆಯುವಾಗ ನಾನು ಅವರ ಹಿಂದೆ ನಿಂತೆ, ಲೆಕ್ಕ ಸರಿಹೋಯಿತು. ಖರ್ಚಿಗೆ ವಿದ್ಯಾಸಿರಿ ಇತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಆಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ಅದಕ್ಕಾಗಿ ಒಂದು ಕಚೇರಿಗೆ ಅಲೆದದ್ದು ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ಈಗ ನಾನು ಜಿಲ್ಲೆಯಲ್ಲೇ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಹೊಸ ಸ್ವಯಂಸೇವಕರು ಬಂದಾಗ ಪರಿಚಯದವರು ಕರೆಯುತ್ತಾರೆ, "ಬಂದು ಎರಡು ಮಾತು ಹೇಳಿ" ಎಂದು. ಮಾತು ಹೇಳುವುದಿಲ್ಲ, ಲ್ಯಾಪ್‌ಟಾಪ್ ತಗೊಂಡು ಹೋಗುತ್ತೇನೆ. ಯಾರಿಗೆ ಡಿಗ್ರಿ ಇಲ್ಲ ಕೈ ಎತ್ತಿ ಎಂದು ಎಲ್ಲರೆದುರು ಕೇಳುವುದೂ ಇಲ್ಲ, ಅದು ಅವಮಾನ ಆಗುತ್ತದೆ. ಚಹಾದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಳ್ಳುತ್ತೇನೆ. ಮೊದಲು ಡಿಜಿಲಾಕರಿನಲ್ಲಿ ಎಬಿಸಿ ಐಡಿ, ಅಂದರೆ ಓದಿನ ಕ್ರೆಡಿಟ್ ಲೆಕ್ಕ ಇಡುವ ಖಾತೆಯ ನಂಬರ್. ಆಮೇಲೆ ಯುಜಿಸಿಯ ದೂರಶಿಕ್ಷಣ ವಿಭಾಗದ ಡೆಬ್ ಐಡಿ, 2024ರಿಂದ ದೂರಶಿಕ್ಷಣಕ್ಕೆ ಸೇರಬೇಕಾದರೆ ಇದು ಕಡ್ಡಾಯ. ಈ ಎರಡು ನಂಬರ್ ಕೈಗೆ ಬಂದರೆ ಹುಡುಗರ ಮುಖ ಬದಲಾಗುತ್ತದೆ, ಏನೋ ಶುರುವಾಯಿತು ಅನ್ನಿಸುತ್ತದೆ. ಮುಕ್ತ ವಿವಿಯಲ್ಲಿ ಜುಲೈ ಆವೃತ್ತಿ, ಜನವರಿ ಆವೃತ್ತಿ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ ಇರುತ್ತದೆ. ನಮ್ಮ ಕಡೆಯವರಿಗೆ ನಾನು ಜನವರಿಯನ್ನೇ ಹೇಳುವುದು. ಜುಲೈ ಹೊತ್ತಿಗೆ ಕೈಯಲ್ಲಿ ದುಡ್ಡು ಇರುವುದಿಲ್ಲ, ಜನವರಿಗೆ ಅಡಿಕೆ ಕೊಯ್ಲಿನ ದುಡ್ಡು ಬಂದಿರುತ್ತದೆ.

ಹುಡುಗರು ಪ್ರಶ್ನೆ ಕೇಳುತ್ತಾರೆ, ಒಳ್ಳೆಯ ಪ್ರಶ್ನೆಯನ್ನೇ ಕೇಳುತ್ತಾರೆ. "ಡಿಗ್ರಿ ಮಾಡಿದರೆ ಯುವನಿಧಿ ಬರುತ್ತದಲ್ಲ ಸಾರ್?" ಯುವನಿಧಿಗೆ ಚಾಲನೆ ಕೊಟ್ಟದ್ದೇ ನಮ್ಮ ಶಿವಮೊಗ್ಗದಲ್ಲಿ, 2024ರ ಜನವರಿ 12ರಂದು. ಪದವಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ದರೆ ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿದ್ದರೆ ಸಿಗುವುದಿಲ್ಲ. ಒಬ್ಬ ಹುಡುಗ ಲೆಕ್ಕ ಹಾಕಿ "ಹಾಗಾದರೆ ಎಂ.ಎ. ಮಾಡಿದರೆ ಲಾಸು" ಅಂದ. ನಾನು ನಕ್ಕೆ. ಆದರೆ ಅವನ ಲೆಕ್ಕದಲ್ಲಿ ತಪ್ಪೇನಿಲ್ಲ, ಮನೆಯಲ್ಲಿ ಆ ಮೂರು ಸಾವಿರಕ್ಕೆ ಕಾಯುವವರು ಇದ್ದಾರೆ. ಅಂಥವನಿಗೆ ನಾನು ಹೇಳಿದ್ದು ಬೇರೆ. "ನೀನು ದಿನಾ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರು ಕೂರುತ್ತೀಯಲ್ಲ, 2024ರಲ್ಲಿ ಪಿಡಿಒ 247 ಹುದ್ದೆ ಕರೆದಾಗ ಡಿಗ್ರಿ ಕೇಳಿದ್ದರು. ಅದೇ ವರ್ಷ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಪಿಯುಸಿ ಸಾಕಿತ್ತು. ಎರಡು ಕೆಲಸವನ್ನೂ ನೀನು ಹತ್ತಿರದಿಂದ ನೋಡಿದ್ದೀಯ, ಯಾವುದು ಬೇಕು ನೀನೇ ಹೇಳು." ಅವನು ಸ್ವಲ್ಪ ಹೊತ್ತು ಯೋಚಿಸಿ "ಪಿಡಿಒಗೆ ಬೈಗುಳ ಜಾಸ್ತಿ ಸಾರ್" ಅಂದ. ಅದೂ ನಿಜವೇ. ಆದರೂ ಡಿಗ್ರಿಗೆ ಅರ್ಜಿ ಹಾಕಿದ.

ಎಲ್ಲರೂ ಬಿ.ಎ. ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಮಂಗನ ಕಾಯಿಲೆ ಜಾಗೃತಿಯಲ್ಲಿ ಓಡಾಡಿದ ಹುಡುಗಿಗೆ ನರ್ಸಿಂಗ್ ಸರಿ, ಬೈಕ್ ಬಿಚ್ಚಿ ಜೋಡಿಸುವವನಿಗೆ ಐಟಿಐ ಆಮೇಲೆ ಡಿಪ್ಲೊಮಾ ಸರಿ. ಒತ್ತಾಯ ಮಾಡಿ ಸೇರಿಸಿದವರು ಮೊದಲ ಅಸೈನ್‌ಮೆಂಟಿಗೇ ಬಿಟ್ಟದ್ದನ್ನು ನೋಡಿದ್ದೇನೆ, ದುಡ್ಡೂ ಹೋಯಿತು, ಮುಖ ತಪ್ಪಿಸಿಕೊಂಡು ಓಡಾಡುವ ಹಾಗಾಯಿತು. ಕೇಳಬೇಕಾದದ್ದು "ಓದುತ್ತೀಯಾ" ಎಂದಲ್ಲ, "ಯಾವ ಕೆಲಸ ಮಾಡುವಾಗ ನಿನಗೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ" ಎಂದು. ಅಲ್ಲಿಂದ ಕೋರ್ಸು ತಾನಾಗಿಯೇ ಸಿಗುತ್ತದೆ.

ಶರಾವತಿ ಹಿನ್ನೀರಿನ ಆಚೆಯ ಹುಡುಗರ ವಿಷಯ ಬೇರೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ತುಮರಿ ಕಡೆಯವರಿಗೆ ಸಾಗರಕ್ಕೆ ಬರಬೇಕೆಂದರೆ ಲಾಂಚೇ ಗತಿ, ಸಂಜೆ ಲಾಂಚ್ ನಿಂತರೆ ಮರುದಿನವೇ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಶುರುವಾದ ಮೇಲೆ ಆ ಕಷ್ಟ ತಪ್ಪಿತು. ಈಗ ಅಲ್ಲಿನವರಿಗೆ ಶಿವಮೊಗ್ಗದ ಸಂಪರ್ಕ ತರಗತಿಗೆ ಬಂದು ಅದೇ ದಿನ ವಾಪಸ್ ಹೋಗುವ ಮಾತಾಡಬಹುದು. ನೆಟ್‌ವರ್ಕ್ ಮಾತ್ರ ಇನ್ನೂ ಗುಡ್ಡ ಹತ್ತಿದರೇ ಸಿಗುವ ಜಾಗ ಎಷ್ಟೋ ಇವೆ. ಒಟಿಪಿ ಬರುವುದು ಗುಡ್ಡದ ಮೇಲೆ, ದಾಖಲೆ ಇರುವುದು ಮನೆಯಲ್ಲಿ. ಹಾಗಾಗಿ ಅವರ ಅರ್ಜಿಗಳನ್ನು ನಾವು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂತು ಮಾಡುತ್ತೇವೆ, ಅಲ್ಲಿ ಇಂಟರ್‌ನೆಟ್ ಇದೆ, ಪ್ರಿಂಟರ್ ಇರುತ್ತದೆ, ಮಳೆಗೆ ಸೂರು ಇದೆ.

2023ರ ಅಕ್ಟೋಬರ್ 31ಕ್ಕೆ ಕೇಂದ್ರ ಸರ್ಕಾರದ ಯುವಜನರ ವೇದಿಕೆ ಮೇರಾ ಯುವ ಭಾರತ್ ಬಂದ ಮೇಲೆ ಸ್ವಯಂಸೇವಕರ ನೋಂದಣಿ ಎಲ್ಲ ಆನ್‌ಲೈನ್ ಆಗಿದೆ. ಯಾರು ಎಷ್ಟು ಕಾರ್ಯಕ್ರಮಕ್ಕೆ ಬಂದರು ಎಂದು ಅದರಲ್ಲಿ ತುಂಬಿಸುತ್ತಾರೆ. ತಿಂಗಳ ಮೀಟಿಂಗಿನಲ್ಲಿ ಇನ್ನೊಂದು ಕಾಲಂ ಇರಲಿ ಎನ್ನುವುದು ನನ್ನ ಆಸೆ. ಈ ಹುಡುಗಿ ಯಾವ ಕೋರ್ಸಿಗೆ ಸೇರಿದ್ದಾಳೆ, ಮುಂದಿನ ಫೀಸು ಯಾವಾಗ, ಪರೀಕ್ಷೆ ಯಾವ ದಿನ. ಪರೀಕ್ಷೆಯ ವಾರ ಅವಳಿಗೆ ಕಾರ್ಯಕ್ರಮ ಹಾಕಬೇಡಿ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ, ಒಂದು ಪೆನ್ನು ಸಾಕು.

ಸದ್ಯಕ್ಕೆ ನನ್ನ ತಲೆಬಿಸಿ ಇನಿಷಿಯಲ್‌ನದ್ದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಎಬಿಸಿ ಐಡಿಯಲ್ಲಿ ಇನ್ನೊಂದು ಥರ. ನಮ್ಮ ಕಡೆ ಅರ್ಧಕ್ಕರ್ಧ ಜನರ ದಾಖಲೆ ಹೀಗೇ ಇರುತ್ತದೆ. ಈ ಸಲ ಜನವರಿ ಆವೃತ್ತಿಗೆ ಸೇರಬೇಕಿದ್ದ ಒಬ್ಬನ ಅರ್ಜಿ ಇದೇ ಕಾರಣಕ್ಕೆ ನಿಂತಿದೆ. ಆಧಾರ್ ತಿದ್ದಿಸಲು ಹೊಸನಗರಕ್ಕೆ ಹೋಗಿದ್ದಾನೆ, ಸರ್ವರ್ ಡೌನ್ ಎಂದು ಮೆಸೇಜು ಹಾಕಿದ್ದಾನೆ. ನಾಳೆ ಮತ್ತೆ ಹೋಗು, ಬೆಳಗ್ಗೆ ಹತ್ತಕ್ಕೇ ಹೋಗು, ಟೋಕನ್ ತಗೋ ಎಂದು ಹೇಳಿದ್ದೇನೆ.